ಬಾಳೆಗೊನೆ ಕಾಯುವುದಿಲ್ಲ

(ಕ್ಲಿಯರ್ ಲೇಕ್‌ನಲ್ಲಿ ನಡೆದ ನಮ್ಮ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚೆ ಭಾಷಣ ಮಾಡುವವರು ಚಿಕ್ಕದಾಗಿ ಮುಗಿಸಬೇಕು ಎಂಬುದು ನಮಗೆ ಗೊತ್ತು. ಆದರೆ ಇವತ್ತು ನೀವು ಊಟ ಮಾಡಲಿರುವ ಎಲೆಯ ಬಗ್ಗೆಯೇ ಮಾತಾಡಬೇಕೆಂದಿದ್ದೇವೆ. ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ. ಈ ಎಲೆಗಳು ಅಂಗಡಿಯ ಫ್ರೀಜರಿನಿಂದ ಬಂದವಲ್ಲ. ನಮ್ಮಲ್ಲೇ ಹಲವರ ಹಿತ್ತಲಿನಿಂದ ಬಂದವು. 2021ರ ಫೆಬ್ರವರಿಯ ಹಿಮಗಾಳಿ ನಿಮಗೆ ನೆನಪಿರಬೇಕು. ಕರೆಂಟು ಹೋಗಿ, ನೀರಿನ ಕೊಳವೆಗಳು ಒಡೆದು ನಾವೆಲ್ಲ ನಡುಗಿದ ಆ ವಾರ ನಮ್ಮ ಹಿತ್ತಲುಗಳ ಬಾಳೆಯೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಕುಸಿದಿತ್ತು. ಇನ್ನು ಮುಗಿಯಿತು ಎಂದುಕೊಂಡೆವು. ಬೇಸಗೆ ಬರುವಷ್ಟರಲ್ಲಿ ಮಣ್ಣಿನೊಳಗಿನ ಗೆಡ್ಡೆಯಿಂದ ಹೊಸ ಕಂದುಗಳು ಸುರುಳಿ ಸುತ್ತಿಕೊಂಡು ಮೇಲೆದ್ದವು. ಬಾಳೆ ನಮಗೆ ಕಲಿಸುವ ಮೊದಲ ಪಾಠ ಇದು. ಬುಡ ಉಳಿದರೆ ಬಾಳು ಉಳಿಯುತ್ತದೆ.

ನಾವಿರುವ ಜಾಗಕ್ಕೂ ಬಾಳೆಗೂ ಇನ್ನೊಂದು ನಂಟಿದೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಫ್ರೀಪೋರ್ಟ್ ಬಂದರು ಸಿಗುತ್ತದೆ. ಮಧ್ಯ ಅಮೆರಿಕದ ತೋಟಗಳಲ್ಲಿ ಕಡಿದ ಹಸಿರು ಕಾಯಿ ಅಲ್ಲಿ ಬಂದಿಳಿಯುತ್ತದೆ. ನಮ್ಮ ಪಕ್ಕದ ಗ್ಯಾಲ್ವೆಸ್ಟನ್ ಬಂದರೂ ಬಾಳೆಹಣ್ಣಿನ ಹಡಗುಗಳನ್ನು ಬಹಳ ಕಾಲ ಕಂಡಿದೆ. ಆ ಕಾಯಿಯನ್ನು ಸುಮಾರು 13–14 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟು ತರುತ್ತಾರೆ. ಅದಕ್ಕಿಂತ ತಣ್ಣಗಾದರೆ ಸಿಪ್ಪೆ ಕಂದುತ್ತದೆ, ಬೆಚ್ಚಗಾದರೆ ದಾರಿಯಲ್ಲೇ ಹಣ್ಣಾಗುತ್ತದೆ. ಇಲ್ಲಿಗೆ ಬಂದ ಮೇಲೆ ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಕೊಟ್ಟು, ಬೇಕಾದಾಗ ಬೇಕಾದಷ್ಟು ಹಣ್ಣು ಮಾಡುತ್ತಾರೆ. ಆಮೇಲೆ ನಮ್ಮ ಅಂಗಡಿಗಳಲ್ಲಿ ಪೌಂಡಿಗೆ ಅರವತ್ತು ಸೆಂಟಿನ ಆಸುಪಾಸಿಗೆ ಸಿಗುತ್ತದೆ. ಸಾವಿರಾರು ಮೈಲಿ ದೂರದಿಂದ ಬಂದ ಹಣ್ಣು ಇಲ್ಲೇ ಬೆಳೆದ ಸೇಬಿಗಿಂತ ಅಗ್ಗ! ಇದು ಹೇಗೆ ಸಾಧ್ಯ ಎಂದು ಕೇಳಿಕೊಂಡರೆ ಉತ್ತರ ಒಂದೇ. ಆ ವ್ಯಾಪಾರ ನಡೆಸುವವರಿಗೆ ಹಣ್ಣನ್ನು ಕಾಯಿಸುವ ಶಕ್ತಿ ಇದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದೇ ಎಳೆ ಹಿಡಿದು ಈಗ ನಮ್ಮೂರಿಗೆ ಹೋಗೋಣ.

ನಮ್ಮ ನಿಧಿಯಿಂದ ಓದುತ್ತಿರುವ ಮಕ್ಕಳಲ್ಲಿ ಹಲವರ ಮನೆಗಳು ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿವೆ. ಅರ್ಜಿಯಲ್ಲಿ ತಂದೆತಾಯಿಯರ ಕಸುಬು ಎಂಬ ಜಾಗದಲ್ಲಿ 'ವ್ಯವಸಾಯ' ಎಂದೋ 'ಕೂಲಿ' ಎಂದೋ ಬರೆದಿರುತ್ತಾರೆ. ಏನು ವ್ಯವಸಾಯ, ಯಾವ ಕೂಲಿ ಎಂದು ನಾವು ಬಹಳ ವರ್ಷ ಕೇಳಿರಲಿಲ್ಲ. ಕೇಳಿದಾಗ ಮತ್ತೆ ಮತ್ತೆ ಬಂದ ಉತ್ತರ ಬಾಳೆ. ಅರ್ಧ ಎಕರೆ ಏಲಕ್ಕಿ ಬಾಳೆ, ಗುತ್ತಿಗೆಗೆ ಹಿಡಿದ ನೇಂದ್ರ ಬಾಳೆಯ ತೋಟ, ಗೊನೆ ಕಡಿಯುವ ಕೆಲಸ, ಲಾರಿಗೆ ಹೇರುವ ಕೆಲಸ, ಎಲೆ ಕೊಯ್ದು ಪೇಟೆಗೆ ಹಾಕುವ ಕೆಲಸ ಇತ್ಯಾದಿ. ಮಗುವಿನ ಫೀಸು ಬಾಳೆಯ ಬುಡದಿಂದಲೇ ಬರಬೇಕು.

ಬಾಳೆ ಮರವಲ್ಲ ಎಂಬುದು ನಿಮಗೆಲ್ಲ ತಿಳಿದದ್ದೇ. ಅದೊಂದು ದೊಡ್ಡ ಗಿಡ. ಕಾಂಡವೆಂದು ಕಾಣುವುದು ಪಟ್ಟೆಯ ಮೇಲೆ ಪಟ್ಟೆ ಸುತ್ತಿದ ಎಲೆಯ ಬುಡ. ಒಂದು ಗಿಡ ಒಂದೇ ಗೊನೆ ಬಿಟ್ಟು ತೀರಿಕೊಳ್ಳುತ್ತದೆ, ಪಕ್ಕದ ಕಂದು ಮುಂದಿನ ಫಸಲು ಕೊಡುತ್ತದೆ. ಆರಡಿಗೊಂದು ಗುಣಿಯಂತೆ ನೆಟ್ಟರೆ ಎಕರೆಗೆ 1,210 ಗಿಡ ಕೂರುತ್ತವೆ. ಸುಮಾರು ಹನ್ನೆರಡು ತಿಂಗಳಿಗೆ ಕೈಗೆ ಫಸಲು. ಅಡಿಕೆ, ತೆಂಗು, ಮಾವುಗಳಿಗೆ ವರ್ಷಗಟ್ಟಲೆ ಕಾಯಬೇಕು. ರಾಗಿ, ಭತ್ತದ ದುಡ್ಡು ಸುಗ್ಗಿಗೆ ಒಮ್ಮೆ ಬಂದು ಹೋಗುತ್ತದೆ. ಬಾಳೆಯ ಗೊನೆಗಳಾದರೋ ಒಂದೇ ದಿನ ಬಲಿಯುವುದಿಲ್ಲ. ಈ ವಾರ ಹತ್ತು, ಮುಂದಿನ ವಾರ ಇಪ್ಪತ್ತು ಎಂದು ಬರುತ್ತಿರುತ್ತವೆ. ಸಣ್ಣ ಹಿಡುವಳಿಯವನ ಜೇಬಿಗೆ ಸಂಬಳದಂತೆ ವಾರವಾರ ದುಡ್ಡು ತರುವ ಬೆಳೆಗಳು ನಮ್ಮಲ್ಲಿ ಬಹಳ ಇಲ್ಲ. ಹಾಲು ಬಿಟ್ಟರೆ ರೇಷ್ಮೆ, ತರಕಾರಿ, ಬಾಳೆ.

ಆ ದುಡ್ಡು ಒಬ್ಬನ ಜೇಬಿನಲ್ಲೇ ನಿಲ್ಲುವುದೂ ಇಲ್ಲ. ಗುಣಿ ತೆಗೆಯುವವರು, ಕಂದು ಹಾಕುವವರು, ಗೊಬ್ಬರ ಹೊರುವ ಹೆಂಗಸರು, ಹನಿ ನೀರಾವರಿಯ ಕೊಳವೆ ಜೋಡಿಸುವ ಹುಡುಗರು, ಗೊನೆಯ ಭಾರಕ್ಕೆ ಗಿಡ ಬಾಗದಂತೆ ಊರುಗೋಲು ಕೊಡಲು ಸರ್ವೆ ಗಳ ಮಾರುವವರು, ಗೊನೆ ಕಡಿಯುವವರು, ಟೆಂಪೋ ಓಡಿಸುವವರು, ಮಂಡಿಯ ದಲ್ಲಾಳಿ, ಹಣ್ಣು ಮಾಡುವವರು, ಕೊನೆಗೆ ಬೆಂಗಳೂರಿನ ಯಾವುದೋ ಬೀದಿಯಲ್ಲಿ ತಳ್ಳುವ ಗಾಡಿಯ ಮೇಲೆ ಚಿಪ್ಪು ಜೋಡಿಸಿ ಮಾರುವ ಮುದುಕಿ. ಇವರೆಲ್ಲರ ಒಲೆಯೂ ಅದರಲ್ಲೇ ಉರಿಯಬೇಕು. ಹಣ್ಣಿನ ಆಚೆಗೂ ಇದೆ. ಎಲೆ ಊಟಕ್ಕೆ, ದಿಂಡು ಪಲ್ಯಕ್ಕೆ, ಹೂವು ಚಟ್ನಿಗೆ, ನಾರು ಮಲ್ಲಿಗೆ ಮಾಲೆ ಕಟ್ಟುವುದಕ್ಕೆ, ಕಂದು ಮದುವೆಮನೆಯ ಬಾಗಿಲಿಗೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಬೆಳೆದ ನೇಂದ್ರ ಗಡಿ ದಾಟಿ ಕೇರಳದಲ್ಲಿ ಚಿಪ್ಸ್ ಆಗುತ್ತದೆ. ಓಣಂ ಬಂತೆಂದರೆ ಗುಂಡ್ಲುಪೇಟೆಯ ರೈತನಿಗೂ ಹಬ್ಬ!

ಇಡೀ ಜಿಲ್ಲೆಯೇ ಬಾಳೆಯಿಂದ ಎದ್ದು ನಿಂತ ಉದಾಹರಣೆಗಳಿವೆ. ಮಹಾರಾಷ್ಟ್ರದ ಜಳಗಾಂವ್ ಕಡೆಯ ರಾವೇರ್, ಸಾವ್ದಾ ನಿಲ್ದಾಣಗಳಿಂದ ದಿಲ್ಲಿಗೆ ರೈಲುಗಟ್ಟಲೆ ಬಾಳೆ ಹೋಗಿದೆ. ಅಲ್ಲಿ ಅಂಗಾಂಶ ಕೃಷಿಯ ಗ್ರ್ಯಾಂಡ್ ನೈನ್ ಸಸಿ ಮತ್ತು ಹನಿ ನೀರಾವರಿ ಜೊತೆಯಾಗಿ ಬಂದ ಮೇಲೆ ರೈತರ ಲೆಕ್ಕವೇ ಬದಲಾಯಿತು. ನಮ್ಮ ಬಳ್ಳಾರಿಗೆ ಅಂಟಿಕೊಂಡ ಆಂಧ್ರದ ಅನಂತಪುರ ಬರಗಾಲಕ್ಕೆ ಹೆಸರಾದ ಜಿಲ್ಲೆ. ಅಲ್ಲಿನ ತಾಡಿಪತ್ರಿಯಿಂದ 2020ರ ಜನವರಿಯಲ್ಲಿ 43 ಶೀತಲ ಕಂಟೇನರುಗಳಲ್ಲಿ ಸುಮಾರು 980 ಟನ್ ಬಾಳೆಯನ್ನು ಹೊತ್ತ ರೈಲು ಮುಂಬಯಿಯ ಬಂದರಿಗೆ ಹೊರಟಿತು, ಹೊರದೇಶಕ್ಕೆ ಹೋಗಲು. ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದ ಸೀಮೆಯಿಂದ! ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದೇ, ಸುಮಾರು ಕಾಲು ಭಾಗ ಭಾರತದ್ದು. ಆದರೆ ಅದರಲ್ಲಿ ಬಹುಪಾಲನ್ನು ನಾವೇ ತಿನ್ನುತ್ತೇವೆ. ಕಡಲು ದಾಟುವುದು ಬಹಳ ಸ್ವಲ್ಪ.

ಹಾಗಾದರೆ ಬಾಳೆ ಬೆಳೆದವನು ಬಾಳಿದ ಎನ್ನಬಹುದೇ? ಅಷ್ಟು ಸುಲಭವಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಎಕರೆಯಲ್ಲಿ ಸಾವಿರ ಗಿಡ ಚೆನ್ನಾಗಿ ಬಂದು, ಪಚ್ಚಬಾಳೆಯ ಗೊನೆ ತಲಾ 25 ಕಿಲೋ ತೂಗಿದರೆ 25 ಟನ್. ಮಂಡಿಯಲ್ಲಿ ಕಿಲೋಗೆ ಒಂದೇ ಒಂದು ರೂಪಾಯಿ ಇಳಿದರೆ ರೈತನಿಗೆ 25,000 ರೂಪಾಯಿ ಹೋಯಿತು. ಒಂದು ರೂಪಾಯಿ! ಬೆಲೆಯೋ ಶ್ರಾವಣದಲ್ಲಿ, ಗೌರಿ ಗಣೇಶದಲ್ಲಿ, ಆಯುಧಪೂಜೆಯಲ್ಲಿ ಏರುತ್ತದೆ. ನಡುವೆ ಬಿದ್ದುಹೋಗುತ್ತದೆ. ರಾಗಿಯಾದರೆ ಕಣಜದಲ್ಲಿಟ್ಟು ಬೆಲೆ ಬರಲಿ ಎನ್ನಬಹುದು. ಬಲಿತ ಗೊನೆಯನ್ನು ಗಿಡದಲ್ಲಿ ಬಿಟ್ಟರೆ ಕಾಯಿ ಬಿರಿಯುತ್ತದೆ, ಕಡಿದಿಟ್ಟರೆ ಕೆಲವೇ ದಿನಕ್ಕೆ ಹಣ್ಣಾಗಿ ಕೊಳೆಯುತ್ತದೆ. ಗೊನೆ ಕಾಯುವುದಿಲ್ಲ. ಕಾಯಲಾರದ ವಸ್ತುವನ್ನು ಕಾಯಲಾರದ ಮನುಷ್ಯ ಮಾರುವಾಗ, ಬೆಲೆ ಹೇಳುವವನು ಯಾವಾಗಲೂ ಎದುರಿಗಿರುವವನೇ.

ಕಳೆದ ಬಾರಿ ಊರಿಗೆ ಹೋದಾಗ ನಮ್ಮ ವಿದ್ಯಾರ್ಥಿವೇತನ ಪಡೆಯುವ ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆವು. ಅರ್ಧ ಎಕರೆ ಏಲಕ್ಕಿ ಬಾಳೆಯ ಮನೆ. ಹುಡುಗಿಯ ತಾಯಿ ನಮ್ಮನ್ನು ಜಗುಲಿಯಲ್ಲಿ ಕೂರಿಸಿ, ಹಣ್ಣು ಕೊಟ್ಟು, ಕೈಮುಗಿದರು. ನಿಮ್ಮಿಂದ ಉಪಕಾರವಾಯಿತು ಎಂಬ ಮಾತು ಬರುತ್ತದೆ ಎಂದು ನಾವು ಕಾಯುತ್ತಿದ್ದೆವು ಅಂತಲೇ ಇಟ್ಟುಕೊಳ್ಳಿ. ಆಕೆ ಹೇಳಿದ್ದು ಬೇರೆ.

"ತಪ್ಪು ತಿಳ್ಕಬೇಡಿ ಅಕ್ಕ. ನೀವು ಕಳ್ಸಿದ ದುಡ್ಡು ಸಂಕ್ರಾಂತಿಗೆ ಬಂತು. ಫೀಸು ಕಟ್ಬೇಕಾದ್ದು ಜೂನ್ ತಿಂಗ್ಳು. ಗೊನೆ ಮ್ಯಾಲೆ ಸಾಬ್ರ ಹತ್ರ ದುಡ್ಡು ಈಸ್ಕಂಡು ಕಟ್ಟಿದ್ವಿ. ನಿಮ್ಮ ದುಡ್ಡು ಬಂದಾಗ ಬೇರೆ ಸಾಲಕ್ಕೆ ಹೋಯ್ತು. ಓದಿಗೆ ಹೋಗ್ಲಿಲ್ಲ."

ಗೊನೆಯ ಮೇಲೆ ದುಡ್ಡು ಎಂದರೆ, ಕಾಯಿ ಇನ್ನೂ ಎಳೆಯದಾಗಿರುವಾಗಲೇ ವ್ಯಾಪಾರಿ ಮುಂಗಡ ಕೊಟ್ಟು ಬೆಲೆ ಗೊತ್ತುಮಾಡಿಕೊಳ್ಳುವುದು. ಆಕೆ ಪಡೆದ ಮುಂಗಡ 12,000 ರೂಪಾಯಿ. ಗಣೇಶನ ಹಬ್ಬದ ವಾರ ಆ ತೋಟದಲ್ಲಿ ನೂರು ಗೊನೆ ಕಡಿದರು. ಗೊನೆಗೆ ಹತ್ತು ಕಿಲೋದಂತೆ ಸಾವಿರ ಕಿಲೋ. ಜೂನ್‌ನಲ್ಲಿ ಒಪ್ಪಿದ ಬೆಲೆಗೂ ಹಬ್ಬದ ವಾರದ ಬೆಲೆಗೂ ಕಿಲೋಗೆ 15 ರೂಪಾಯಿ ವ್ಯತ್ಯಾಸವಿತ್ತು. ಅಂದರೆ 15,000 ರೂಪಾಯಿ. ಮೂರು ತಿಂಗಳ ಮಟ್ಟಿಗೆ 12,000 ಪಡೆಯಲು ಆ ಮನೆ ತೆತ್ತ ಬೆಲೆ 15,000! ನಮ್ಮ ವಿದ್ಯಾರ್ಥಿವೇತನದ ಮೊತ್ತವೂ ಸರಿಯಾಗಿ 12,000 ರೂಪಾಯಿ. ಅದೇ ಹಣ ಏಳು ತಿಂಗಳು ಮುಂಚೆ ತಲುಪಿದ್ದರೆ ಆ ಮನೆಗೆ 27,000 ರೂಪಾಯಿಯ ಬಲ ಬರುತ್ತಿತ್ತು. ತಡವಾಗಿ ಬಂದದ್ದರಿಂದ ಅದು ಹಳೆಯ ಗಾಯಕ್ಕೆ ಹಚ್ಚಿದ ಮುಲಾಮಾಯಿತು ಅಷ್ಟೆ.

ವ್ಯಾಪಾರಿಯನ್ನು ಬೈಯುವುದು ಸುಲಭ. ನಾವೂ ಮೊದಲು ಬೈದೆವು. ಆ ತಾಯಿ ಬೈಯಲಿಲ್ಲ. ಬಿರುಗಾಳಿ ಎದ್ದು ತೋಟ ಮಲಗಿದರೆ ಮುಂಗಡ ಕೊಟ್ಟವನಿಗೂ ನಷ್ಟ. ಜೂನ್‌ನಲ್ಲಿ ಕೇಳಿದ ತಕ್ಷಣ, ಕಾಗದ ಪತ್ರ ಕೇಳದೆ ಕೊಟ್ಟವನು ಅವನೊಬ್ಬನೇ. ನಾವು ಜನವರಿಯಲ್ಲಿ ಕೊಟ್ಟೆವು. ಏಕೆ? ಶರತ್ಕಾಲದಲ್ಲಿ ಈ ಸಮಾರಂಭ, ಡಿಸೆಂಬರಿನಲ್ಲಿ ತೆರಿಗೆ ರಸೀದಿ, ಆಮೇಲೆ ಲೆಕ್ಕ ಮುಗಿಸಿ ಹಣ ರವಾನೆ. ಇದು ನಮ್ಮ ಅನುಕೂಲದ ಪಂಚಾಂಗ. ಬಾಳೆಯ ಪಂಚಾಂಗವೂ ಅಲ್ಲ, ಶಾಲೆಯ ಪಂಚಾಂಗವೂ ಅಲ್ಲ. ತಪ್ಪು ನಮ್ಮದು, ಈ ಸಮಿತಿಯದು. ಅದನ್ನು ನಿಮ್ಮೆಲ್ಲರೆದುರು ಒಪ್ಪಿಕೊಳ್ಳುವುದಕ್ಕಾಗಿಯೇ ಇವತ್ತು ಮೈಕು ಹಿಡಿದಿದ್ದೇವೆ.

ಕಾಯುವ ಶಕ್ತಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹೊಸದೇನಲ್ಲ. ನಮ್ಮ ಟೆಕ್ಸಸ್‌ನ ಒಂದು ಕಥೆ ಹೇಳುತ್ತೇವೆ. ಆಸ್ಟಿನ್ನಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ, ಆಮೇಲೆ ಹ್ಯೂಸ್ಟನ್ನಿನ ಪತ್ರಿಕೆಯಲ್ಲಿ ಬರೆಯುತ್ತಿದ್ದ ವಿಲಿಯಂ ಸಿಡ್ನಿ ಪೋರ್ಟರ್ ಎಂಬಾತ, ಬ್ಯಾಂಕಿನ ಹಣದ ಲೆಕ್ಕದ ಆರೋಪ ಹೊತ್ತು 1896ರಲ್ಲಿ ಹೊಂಡುರಾಸ್‌ಗೆ ಓಡಿಹೋದ. ಅವನೇ ಮುಂದೆ ಕಥೆಗಾರ ಓ. ಹೆನ್ರಿ ಎಂದು ಪ್ರಸಿದ್ಧನಾದವನು. ಅಲ್ಲಿ ಕಂಡದ್ದನ್ನು ಆಧರಿಸಿ 1904ರಲ್ಲಿ ಹೊರತಂದ ಪುಸ್ತಕದಲ್ಲಿ 'ಬನಾನಾ ರಿಪಬ್ಲಿಕ್' ಎಂಬ ಮಾತನ್ನು ಹುಟ್ಟುಹಾಕಿದ. ಇವತ್ತು ಮಾಲ್‌ನಲ್ಲಿ ಅದೊಂದು ಬಟ್ಟೆ ಅಂಗಡಿಯ ಹೆಸರು. ಅಂದು ಅದು ಒಂದೇ ಹಣ್ಣಿಗೆ ಜೋತುಬಿದ್ದ ಬಡ ದೇಶಗಳ ಸ್ಥಿತಿ. 1899ರಲ್ಲಿ ಹುಟ್ಟಿದ ಯುನೈಟೆಡ್ ಫ್ರೂಟ್ ಕಂಪನಿಯ ಕೈಯಲ್ಲಿ ತೋಟವೂ ಇತ್ತು, ರೈಲೂ ಇತ್ತು, ಹಡಗೂ ಇತ್ತು. ಬೆಳೆಯುವವನ ಕೈಯಲ್ಲಿ ಮಚ್ಚು ಮಾತ್ರ. ಬಾಳೆಯಿಂದ ಊರುಗಳು ಬೆಳೆದದ್ದು ನಿಜ, ಆದರೆ ಆ ಊರುಗಳು ತಮ್ಮ ಕಾಲ ಮೇಲೆ ನಿಲ್ಲಲಿಲ್ಲ. ಇವತ್ತು ಅತಿ ಹೆಚ್ಚು ಬಾಳೆ ರಫ್ತು ಮಾಡುವ ಈಕ್ವೆಡಾರ್‌ನಲ್ಲಿ ಸರಕಾರವೇ ಪೆಟ್ಟಿಗೆಗೆ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. ಬೆಳೆಯುವವನಿಗೂ ಒಂದು ನೆಲೆ ಬೇಕು ಎಂದು ಆ ದೇಶ ಕಷ್ಟಪಟ್ಟು ಕಲಿತ ಪಾಠ ಅದು.

ನಮ್ಮಲ್ಲೂ ಕಾಯುವ ಶಕ್ತಿಯನ್ನು ರೈತನ ಕೈಗೆ ಕೊಡುವ ಪ್ರಯತ್ನಗಳು ನಡೆದಿವೆ. ಬೆಂಗಳೂರಿನಲ್ಲಿದ್ದವರಿಗೆಲ್ಲ ಹಾಪ್‌ಕಾಮ್ಸ್ ಮಳಿಗೆ ಗೊತ್ತು. 1959ರಲ್ಲಿ ತೋಟಗಾರಿಕೆಯ ಮರಿಗೌಡರ ಮುಂದಾಳತ್ವದಲ್ಲಿ ಶುರುವಾದ ಸಹಕಾರ ಸಂಘ ಅದು. ಇನ್ನೊಂದು ಪ್ರಯತ್ನ ತೀರ ಈಚಿನದು, ನಮಗೆ ಬಹಳ ಇಷ್ಟವಾದದ್ದು. 2021ರ ಲಾಕ್‌ಡೌನಿನಲ್ಲಿ ಬಾಳೆಕಾಯಿಯನ್ನು ಕೇಳುವವರಿಲ್ಲದಾದಾಗ, ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಸಂಪಾದಕರಾದ, ಕಾಸರಗೋಡು ಜಿಲ್ಲೆಯ ಶ್ರೀ ಪಡ್ರೆಯವರು ಬಾಳೆಕಾಯಿ ಹುಡಿಯ ಅಭಿಯಾನಕ್ಕೆ ಚಾಲನೆ ಕೊಟ್ಟರು. 'ಬಾಳೆ ಕಾಯಿ ಹುಡಿ' ಎಂಬುದು ಬಾಯಲ್ಲಿ ಚಿಕ್ಕದಾಗಿ 'ಬಾಕಾಹು' ಆಯಿತು. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಹುಡಿ ಮಾಡುವುದು, ಅಷ್ಟೆ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಗೃಹಿಣಿಯರು ಅದರಿಂದ ದೋಸೆ, ರೊಟ್ಟಿ, ಗುಲಾಬ್ ಜಾಮೂನು ಮಾಡಿ ವಾಟ್ಸ್ಯಾಪ್‌ನಲ್ಲಿ ಒಬ್ಬರಿಗೊಬ್ಬರು ತೋರಿಸಿದರು. ಅದೇ ಜುಲೈನಲ್ಲಿ ಪ್ರಧಾನಿಯವರ 'ಮನ್ ಕೀ ಬಾತ್'ನಲ್ಲೂ ಅದರ ಪ್ರಸ್ತಾಪ ಬಂತು. ಒಂದು ವಾರ ಇಡಲಾಗದ ಕಾಯಿಯನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದಾಯಿತು. ದೊಡ್ಡ ಕಾರ್ಖಾನೆಯಿಲ್ಲದೆ, ಅಡುಗೆಮನೆಯಲ್ಲೇ ಗೊನೆಗೆ ಕಾಯುವುದನ್ನು ಕಲಿಸಿದರು ನಮ್ಮ ಹೆಂಗಸರು!

ಈಗ ಒಂದು ನೋವಿನ ಕಥೆ. ನಂಜನಗೂಡಿನ ರಸಬಾಳೆ. ನಮ್ಮಲ್ಲಿ ಐವತ್ತು ದಾಟಿದವರಿಗೆ ಈ ಹೆಸರು ಕೇಳಿದರೆ ಸಾಕು, ಬಾಯಲ್ಲಿ ನೀರೂರುತ್ತದೆ. ತೆಳ್ಳನೆ ಸಿಪ್ಪೆ, ಮೇಲೆ ಕಪ್ಪು ಚುಕ್ಕಿ, ಮನೆಯಲ್ಲಿ ಒಂದು ಚಿಪ್ಪು ಇಟ್ಟರೆ ಬೀದಿಗೆಲ್ಲ ಘಮ. ಕಪಿಲೆಯ ದಡದ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಬರುವವರು ರಸಬಾಳೆ ಕೊಳ್ಳದೆ ಬಸ್ಸು ಹತ್ತುತ್ತಿರಲಿಲ್ಲ. ದೇವರಸನಹಳ್ಳಿ ಸುತ್ತಮುತ್ತಲ ಕಪ್ಪು ಮಣ್ಣಿನಲ್ಲಿ ನೂರಾರು ಎಕರೆ ಇದ್ದ ಬೆಳೆ ಬೆರಳೆಣಿಕೆಯ ತೋಟಗಳಿಗೆ ಇಳಿಯಿತು. 2005–06ನೇ ಸಾಲಿನಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಆದರೆ ಹೆಸರಿಗೆ ಪಟ್ಟ ಕಟ್ಟುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತು.

ಅದನ್ನು ಕೊಂದದ್ದು ಪನಾಮ ಸೊರಗು ರೋಗ. ಫ್ಯುಸೇರಿಯಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಲಂಗದಂತೆ ಜೋತುಬೀಳುತ್ತವೆ. ಗಿಡ ಕಡಿದು ನೋಡಿದರೆ ಒಳಗೆ ಕೆಂಗಂದು ಗೆರೆಗಳು. ಔಷಧಿ ಹೊಡೆದು ವಾಸಿಮಾಡುವ ರೋಗವಲ್ಲ, ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಇನ್ನು ಅದು ಹರಡುವ ದಾರಿ ನೋಡಿ. ಕಾಲಿಗಂಟಿದ ಮಣ್ಣು, ಹರಿಯುವ ನೀರು, ಎಲ್ಲಕ್ಕಿಂತ ಹೆಚ್ಚಾಗಿ ರೋಗವಿರುವ ತೋಟದಿಂದ ತಂದ ಕಂದು. ನಮ್ಮ ಕಡೆ ಕಂದನ್ನು ದುಡ್ಡಿಗೆ ಮಾರುವುದಕ್ಕಿಂತ ಕೊಡುವುದೇ ಹೆಚ್ಚಾಗಿತ್ತು. ನೆಂಟರಿಗೆ, ನೆರೆಯವರಿಗೆ, ಮದುವೆಯಾಗಿ ಹೋದ ಮಗಳಿಗೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕಂದಿನ ಬುಡದಲ್ಲೇ ರೋಗ ಊರಿಂದೂರಿಗೆ ನಡೆಯಿತು. ದಾನ ಮಾಡುವ ಸಂಸ್ಥೆಯಾದ ನಾವು ಇದರಿಂದ ಕಲಿಯಬೇಕಾದ್ದಿದೆ. ಒಳ್ಳೆಯ ಮನಸ್ಸೊಂದೇ ಸಾಲದು. ಏನು ಕೊಡುತ್ತಿದ್ದೇವೆ, ಯಾವಾಗ ಕೊಡುತ್ತಿದ್ದೇವೆ ಎಂಬುದನ್ನೂ ನೋಡಬೇಕು.

ಇದು ನಂಜನಗೂಡಿನ ಕಥೆ ಮಾತ್ರವಲ್ಲ. ಅಮೆರಿಕದ ನಮ್ಮ ಹಿಂದಿನ ತಲೆಮಾರಿನವರು ತಿಂದ ಬಾಳೆ ಬೇರೆಯೇ, ಗ್ರೋ ಮಿಶೆಲ್ ಎಂಬ ತಳಿ. ಇದೇ ರೋಗ ಆ ತೋಟಗಳನ್ನು ಹಾಳುಮಾಡಿ, 1960ರ ದಶಕದ ಹೊತ್ತಿಗೆ ಅದರ ಜಾಗಕ್ಕೆ ಕ್ಯಾವೆಂಡಿಷ್ ಬಂತು, ನಮ್ಮ ಪಚ್ಚಬಾಳೆಯ ಬಳಗ. ಈಗ ಅದನ್ನೂ ಕೊಲ್ಲುವ ಹೊಸ ಬಗೆಯ ಶಿಲೀಂಧ್ರ ಹುಟ್ಟಿದೆ. 2019ರಲ್ಲಿ ಕೊಲಂಬಿಯ, 2021ರಲ್ಲಿ ಪೆರು, 2023ರಲ್ಲಿ ವೆನೆಜುವೆಲ ತಲುಪಿತು. ಭಾರತದಲ್ಲಿ ಬಿಹಾರ, ಉತ್ತರ ಪ್ರದೇಶಗಳಲ್ಲೂ ಕಾಣಿಸಿಕೊಂಡಿದೆ. ಬಾಳೆಯಲ್ಲಿ ಬೀಜವಿಲ್ಲ. ಒಂದು ತೋಟದ ಗಿಡಗಳೆಲ್ಲ ಒಂದೇ ತಾಯಿಯ ಪಡಿಯಚ್ಚು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ತಿರುಚಿರಾಪಳ್ಳಿಯಲ್ಲಿ 1993ರಿಂದ ಬಾಳೆಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ನಮ್ಮ ತೋಟಗಾರಿಕೆ ಇಲಾಖೆಯೂ ಅಂಗಾಂಶ ಕೃಷಿಯ ಸಸಿ ಕೊಟ್ಟು ರಸಬಾಳೆಯನ್ನು ಮರಳಿ ತರಲು ಪ್ರಯತ್ನ ಮಾಡಿದೆ. ಶುದ್ಧ ಸಸಿ, ಕೆಲವು ವರ್ಷ ಬೇರೆ ಬೆಳೆ, ನೀರು ಹರಿಸುವುದರಲ್ಲಿ ಎಚ್ಚರ. ದಾರಿ ಇದೆ. ಆದರೆ ಆ ದಾರಿಯಲ್ಲಿ ನಡೆಯಲೂ ರೈತ ಕಾಯಬೇಕು. ರೋಗ ಬಂದ ನೆಲದಲ್ಲಿ ಬಾಳೆ ನೆಡದೆ ಇರುವುದಕ್ಕೆ, ಆ ವರ್ಷಗಳಲ್ಲಿ ಮನೆ ನಡೆಯಬೇಕಲ್ಲ? ಮಕ್ಕಳು ಓದಬೇಕಲ್ಲ? ಅದಿಲ್ಲದ್ದರಿಂದಲೇ ಅದೇ ನೆಲದಲ್ಲಿ ಅದೇ ಕಂದನ್ನು ಮತ್ತೆ ನೆಟ್ಟು ಸೋಲುತ್ತಾರೆ.

ಆದ್ದರಿಂದ ನಮ್ಮ ಸಮಿತಿ ನಿಮ್ಮ ಮುಂದೆ ಮೂರು ವಿಷಯಗಳನ್ನು ಇಡುತ್ತಿದೆ.

ಮೊದಲನೆಯದು, ಇನ್ನು ಮುಂದೆ ವಿದ್ಯಾರ್ಥಿವೇತನ ಮೇ ತಿಂಗಳಲ್ಲೇ, ಶಾಲೆ ತೆರೆಯುವ ಮುನ್ನ ತಲುಪಬೇಕು. ಹೇಳಲು ಸುಲಭ, ಮಾಡಲು ಒಂದು ತೊಡಕಿದೆ. ಈಗಾಗಲೇ ಜನವರಿಯ ಹಣ ನಂಬಿಕೊಂಡಿರುವ ಮನೆಗಳಿಗೆ ಅದನ್ನು ತಪ್ಪಿಸುವಂತಿಲ್ಲ. ಹಾಗಾಗಿ ಈ ಒಂದು ಸಲ ಜನವರಿಗೂ ಕೊಡಬೇಕು, ಮೇ ತಿಂಗಳಿಗೂ ಕೊಡಬೇಕು. ಒಂದೇ ವರ್ಷ ಎರಡು ಕಂತು. ಒಂದು ಮಗುವಿನ ಒಂದು ಕಂತು ನಮ್ಮ ಲೆಕ್ಕದಲ್ಲಿ ನೂರೈವತ್ತು ಡಾಲರ್ ಕೂಡ ಅಲ್ಲ. ನಾಲ್ಕು ಜನರ ಮನೆಯವರು ಒಂದೆರಡು ಸಲ ಹೋಟೆಲಿಗೆ ಹೋಗಿ ಬಂದರೆ ಆಗುವ ಖರ್ಚು.

ಎರಡನೆಯದು, ಒಂದು ಸಣ್ಣ ಗಾಳಿಮಳೆ ನಿಧಿ. ಏಪ್ರಿಲ್, ಮೇನಲ್ಲಿ ಮುಂಗಾರಿಗೆ ಮುಂಚೆ ಬೀಸುವ ಗಾಳಿಗೆ ಗೊನೆ ಹೊತ್ತ ಗಿಡಗಳು ಒಂದು ರಾತ್ರಿಯಲ್ಲಿ ಮಲಗುತ್ತವೆ. ಪರಿಹಾರದ ಕಾಗದ ಕಚೇರಿಯಿಂದ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಶಾಲೆ ತೆರೆದಿರುತ್ತದೆ. ಅಂಥ ವರ್ಷ ನಮ್ಮ ಪಟ್ಟಿಯ ಮಕ್ಕಳ ಮನೆಗೆ ಒಂದು ಹೆಚ್ಚಿನ ಕಂತು. ಇದರಿಂದ ತೋಟ ಎದ್ದು ನಿಲ್ಲುವುದಿಲ್ಲ. ಆದರೆ ತೋಟ ಬಿದ್ದ ವರ್ಷವೇ ಮಗುವಿನ ಓದೂ ಬೀಳುವುದು ತಪ್ಪುತ್ತದೆ.

ಮೂರನೆಯದು, ನಾವು ಏನು ಮಾಡುವುದಿಲ್ಲ ಎಂಬುದು. ಸಸಿ ಹಂಚಿರಿ, ರಸಬಾಳೆ ಉಳಿಸಿರಿ ಎಂದು ನಿಮ್ಮಲ್ಲಿ ಹಲವರು ಪ್ರೀತಿಯಿಂದ ಹೇಳಿದ್ದೀರಿ. ಕಂದಿನ ಕಥೆ ಕೇಳಿದ ಮೇಲೆ ನಿಮಗೂ ಅರ್ಥವಾಗಿರಬಹುದು. ಪರೀಕ್ಷೆ ಮಾಡಿದ ಸಸಿ ಕೊಡುವುದು ಬಲ್ಲವರ ಕೆಲಸ. ಅದನ್ನು ಅವರೇ ಮಾಡಲಿ. ಹಿಂದೊಮ್ಮೆ ಫೋಟೋ ತೆಗೆಸಿಕೊಳ್ಳಲು ಚೆಂದ ಕಂಡ ಕೆಲಸವನ್ನು ಮೊದಲು ಮಾಡಿದ್ದುಂಟು. ಸರಿಯಾದ ತಿಂಗಳಲ್ಲಿ ಬ್ಯಾಂಕಿಗೆ ಸೇರಿದ ಹಣದ ಫೋಟೋ ತೆಗೆಯಲಾಗುವುದಿಲ್ಲ. ಆದರೆ ಕೆಲಸ ಮಾಡುವುದು ಅದೇ.

ಇದೆಲ್ಲ ಸರಕಾರ ಮಾಡಬೇಕಾದ್ದಲ್ಲವೇ ಎಂದು ಕೇಳುವವರಿದ್ದೀರಿ. ಹೌದು, ಬೆಲೆಯ ಭದ್ರತೆ, ವಿಮೆ, ಶೀತಲಗೃಹ, ಸಂಶೋಧನೆ ಸರಕಾರದ್ದೇ. ನಮ್ಮ ಕೈಗೆ ನಿಲುಕುವುದೂ ಅಲ್ಲ. ನಮ್ಮ ಕೈಗೆ ನಿಲುಕುವುದು ಜೂನ್ ತಿಂಗಳು ಒಂದೇ. ಒಂದು ಮನೆ ಜೂನ್‌ನಲ್ಲಿ ಗೊನೆಯ ಮೇಲೆ ಸಾಲ ಮಾಡದೆ ಶ್ರಾವಣದವರೆಗೆ ತಡೆದುಕೊಂಡರೆ, ಬೆಲೆ ಹೇಳುವ ಸರದಿ ಒಮ್ಮೆಯಾದರೂ ಅವರದಾಗು‍ತ್ತದೆ. ಆ ತಾಯಿಯ ಮಗಳು ಈಗ ಪಿಯುಸಿಯಲ್ಲಿದ್ದಾಳೆ. ಲೆಕ್ಕದಲ್ಲಿ ಜಾಣೆ. ಆ 12,000 ಮತ್ತು 15,000ದ ಲೆಕ್ಕವನ್ನು ನಮಗೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದವಳು ಅವಳೇ. ತನ್ನ ಓದಿಗೆ ಮನೆ ಎಷ್ಟು ತೆರುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಇನ್ನೊಂದು ವರ್ಷ ಹಾಗೇ ಆದರೆ ಓದು ಬಿಡುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವಳು ನೋಟ್‌ಬುಕ್ಕು ಮುಚ್ಚಿದ ರೀತಿಯಲ್ಲಿ ನಮಗೆ ತಿಳಿಯಿತು.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಜನ ಇಂಥದೇ ಮನೆಗಳಿಂದ ಬಂದವರು. ಯಾರದೋ ತೋಟದ ಗೊನೆ, ಯಾರೋ ಮಾರಿದ ಬಳೆ, ಯಾರೋ ಸರಿಯಾದ ಹೊತ್ತಿಗೆ ಕೊಟ್ಟ ಕೈಗಡ ನಮ್ಮನ್ನು ಇಲ್ಲಿಯವರೆಗೆ ತಂದು ಬಿಟ್ಟಿದೆ. ಬಾಳೆ ತಾನು ಬೀಳುವ ಮುನ್ನ ಪಕ್ಕದಲ್ಲೊಂದು ಕಂದು ಎಬ್ಬಿಸಿ ಹೋಗುತ್ತದೆ. ನಾವೂ ಅಷ್ಟನ್ನಾದರೂ ಮಾಡೋಣ.

ಇನ್ನು ಎಲೆ ಹಾಕುತ್ತಾರೆ. ಊಟ ಮುಗಿದ ಮೇಲೆ ಎಲೆಯನ್ನು ಮಡಿಸುವ ಮುನ್ನ, ಬಾಗಿಲ ಬಳಿ ಇಟ್ಟಿರುವ ವಾಗ್ದಾನದ ಚೀಟಿಯಲ್ಲಿ 'ಮೇ ತಿಂಗಳು' ಎಂಬ ಸಾಲಿನ ಮುಂದೆ ನಿಮ್ಮ ಹೆಸರು ಬರೆಯಿರಿ. ಈ ಸ್ಮರಣ ಸಂಚಿಕೆಯನ್ನು ಮನೆಯಲ್ಲಿ ಕೂತು ಓದುತ್ತಿರುವವರಿಗೂ ಇದೇ ಬಿನ್ನಹ. ಗೊನೆ ಕಾಯುವುದಿಲ್ಲ, ಶಾಲೆಯೂ ಕಾಯುವುದಿಲ್ಲ. ನಾವು ತಡಮಾಡುವುದು ಬೇಡ.

 ಸಿರಿಗನ್ನಡಂ ಗೆಲ್ಗೆ!